ಎಂತ ಕೆಲಸಕ್ಕೆ ಬಂದದ್ದು?

ನಮ್ಮ ಕಡೆ ಹೆಂಗಸರು ಮನೆ ಬಿಟ್ಟು ಹೊರಡುವುದಕ್ಕೆ ಒಪ್ಪಿತವಾದ ಕಾರಣಗಳು ಕೆಲವೇ. ತವರು, ಮದುವೆ, ಉಪನಯನ, ತಿಥಿ, ಬಾಣಂತನ, ಆಸ್ಪತ್ರೆ, ದೇವಸ್ಥಾನ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಜಾತ್ರೆ. ಈ ಪಟ್ಟಿಯಲ್ಲಿ 'ಸುಮ್ಮನೆ' ಎಂಬುದಿಲ್ಲ. ಹಾಗಾಗಿ ಈ ವರ್ಷ ಕೊನೆಕೊಯ್ಲು ಮುಗಿದು, ಅಡಿಕೆ ಸುಲಿತವೂ ತೀರಿದ ಮೇಲೆ ನಾನು ಎರಡು ದಿನ ಹೊನ್ನಾವರಕ್ಕೆ ಹೋಗಿ ಬರುತ್ತೇನೆ ಎಂದಾಗ ಅತ್ತೆ ಕೇಳಿದ್ದು ಸಹಜವಾದ ಪ್ರಶ್ನೆಯನ್ನೇ. "ಅಲ್ಲಿ ಯಾರಿದ್ದ?" ಯಾರೂ ಇಲ್ಲ, ಸುಮ್ಮನೆ ನೋಡಲಿಕ್ಕೆ ಎಂದೆ. "ಬಸ್ಸಿಗೆ ದುಡ್ಡು ಕೊಟ್ಟು ಸುಮ್ನೆ ಹೋಪದ?" ಎಂದವರು ಮತ್ತೆ ಮಾತಾಡಲಿಲ್ಲ, ದಾರಿಗೆಂದು ಅವಲಕ್ಕಿ ಕಟ್ಟಿಕೊಟ್ಟರು.

ಅದು ಹಳೆಕಾಲದವರ ಪ್ರಶ್ನೆ ಎಂದು ನನಗೆ ಅನ್ನಿಸಲಿಲ್ಲ. ಪ್ರವಾಸದ ಬಗ್ಗೆ ಕೇಳಬಹುದಾದ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ಕೆಲಸವಿಲ್ಲ, ನೆಂಟರಿಲ್ಲ, ಹರಕೆಯಿಲ್ಲ. ಇನ್ನೊಬ್ಬರ ಊರಿಗೆ ಹೋಗಿ ಅವರ ಬೀದಿ, ಅವರ ಅಂಗಳ, ಅವರ ಮುಖಗಳನ್ನು ನೋಡಿ ಬರುವ ಹಕ್ಕು ನಮಗೆ ಎಲ್ಲಿಂದ ಬಂತು? ದುಡ್ಡು ಕೊಟ್ಟಿದ್ದೇವೆ ಎಂಬುದು ಉತ್ತರವಾಗುವುದಿಲ್ಲ. ನಾವು ದುಡ್ಡು ಕೊಡುವುದು ಬಸ್ಸಿಗೆ, ವಸತಿಗೃಹಕ್ಕೆ, ಊಟಕ್ಕೆ. ನೋಡಿದ್ದಕ್ಕೆ ಯಾರಿಗೂ ಏನೂ ಕೊಟ್ಟಿರುವುದಿಲ್ಲ.

ಹೊನ್ನಾವರವೇ ಯಾಕೆ ಎಂಬುದನ್ನು ಹೇಳಬೇಕು. ನನ್ನ ಕಾಲೇಜಿನ ಗೆಳತಿಯೊಬ್ಬಳು ನೆದರ್ಲೆಂಡಿನಲ್ಲಿದ್ದಾಳೆ. ಕಳೆದ ವರ್ಷ ಅವಳು ಗಂಡ ಮಕ್ಕಳ ಜೊತೆ ಮೊರಾಕೊದ ಟ್ಯಾಂಜಿಯರ್‌ಗೆ ರಜೆ ಕಳೆಯಲು ಹೋಗಿದ್ದಳು. ಅಲ್ಲಿಂದ ದಿನಕ್ಕೆ ನಲವತ್ತು ಫೋಟೋ ಬರುತ್ತಿದ್ದವು. ಸುಣ್ಣದ ಗೋಡೆಗಳು, ಇಕ್ಕಟ್ಟಿನ ಮೆಟ್ಟಿಲು ದಾರಿಗಳು, ಬೆಕ್ಕುಗಳು, ಕಡಲಿನ ಆಚೆ ಮಸುಕಾಗಿ ಸ್ಪೇನ್. ಹಿಂದಿರುಗಿದ ಮೇಲೆ ಫೋನಿನಲ್ಲಿ, "ಎಲ್ಲ ಚೆಂದ ಇತ್ತು ಮಾರಾಯ್ತಿ, ಆದ್ರೆ ಏನಾದ್ರೂ ಮಾರುವವರನ್ನು ಬಿಟ್ಟು ಅಲ್ಲಿಯ ಒಬ್ಬರೂ ನಮ್ಮನ್ನು ಮಾತಾಡಿಸಲಿಲ್ಲ" ಎಂದಳು. ಆ ಮಾತು ನನ್ನಲ್ಲಿ ಉಳಿಯಿತು. ಯಾಕೆಂದರೆ ಅದೇ ಟ್ಯಾಂಜಿಯರ್‌ನವನೊಬ್ಬ ಸುಮಾರು 680 ವರ್ಷಗಳ ಹಿಂದೆ ಎದುರು ದಿಕ್ಕಿನಿಂದ ನಮ್ಮ ಕರಾವಳಿಗೆ ಬಂದಿದ್ದ. ಇಂದು ಆ ಊರಿನ ವಿಮಾನ ನಿಲ್ದಾಣಕ್ಕೆ ಅವನದೇ ಹೆಸರು: ಇಬ್ನ್ ಬತೂತ. 1304ರಲ್ಲಿ ಹುಟ್ಟಿದವನು, 1325ರಲ್ಲಿ ಹಜ್ ಯಾತ್ರೆಗೆಂದು ಮನೆ ಬಿಟ್ಟವನು, ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕನ ಬಳಿ ಖಾಜಿಯಾಗಿ ಸಂಬಳ ತಿಂದವನು. ತುಘಲಕನ ರಾಯಭಾರಿಯಾಗಿ ಚೀನಾಕ್ಕೆ ಹೊರಟಾಗ, 1340ರ ದಶಕದ ಆರಂಭದಲ್ಲಿ, ಹೊನ್ನಾವರಕ್ಕೆ ಬಂದ. ಅವನ ಬಾಯಲ್ಲಿ ಅದು 'ಹಿನೌರ್'.

ಅರಬೈಲ್ ಘಟ್ಟ ಇಳಿದು, ಅಂಕೋಲಾ ಕುಮಟಾ ದಾಟಿ, ಮಧ್ಯಾಹ್ನದ ಬಿಸಿಲಿನಲ್ಲಿ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಬತೂತ ಕಂಡ ಊರಿನ ಗುರುತು ಒಂದೂ ಕಾಣಲಿಲ್ಲ. ಕಾಣಬೇಕೆಂದು ಇರಲೂ ಇಲ್ಲ. ಶರಾವತಿ ಮಾತ್ರ ಅವನು ಕಂಡದ್ದೇ. ಈಗ ಅದರ ಮೇಲೆ ಹೆದ್ದಾರಿಯ ಸೇತುವೆ, ಆಚೆ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆ, ಹಿನ್ನೀರಿನಲ್ಲಿ ಪ್ರವಾಸಿಗರ ದೋಣಿ, ಕಾಂಡ್ಲಾ ಕಾಡಿನ ನಡುವೆ ಹಲಗೆ ಹಾಸಿದ ನಡಿಗೆ ದಾರಿ. ದೋಣಿಯೊಂದರಲ್ಲಿ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತಿದ್ದ ಜೋಡಿ. ಹುಡುಗಿಯ ಉದ್ದದ ಲಂಗ ನೀರಿಗೆ ಬಿದ್ದು ತೋಯುತ್ತಿತ್ತು, ಫೋಟೋಗ್ರಾಫರನಿಗೆ ಅದೇ ಬೇಕಾಗಿತ್ತು.

ಬತೂತ ಹೊನ್ನಾವರದ ಬಗ್ಗೆ ಹೇಳಿದ್ದು ನಮ್ಮಲ್ಲಿ ಆಗಾಗ ಉಲ್ಲೇಖವಾಗುತ್ತದೆ. ಅದರಲ್ಲೂ ಶಾಲೆಗಳ ಸಂಗತಿ. ಆ ಊರಿನಲ್ಲಿ ಹುಡುಗಿಯರಿಗೆ 13 ಶಾಲೆ, ಹುಡುಗರಿಗೆ 23 ಶಾಲೆ ಇದ್ದವು, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದಿದ್ದಾನೆ. ಹೆಂಗಸರಿಗೆಲ್ಲ ಕುರಾನ್ ಕಂಠಪಾಠ. ಅವರು ಚೆಲುವೆಯರು, ಶೀಲವಂತರು, ಹೊಲಿಯದ ಬಟ್ಟೆ ಸುತ್ತಿಕೊಳ್ಳುತ್ತಾರೆ, ಮೂಗಿಗೆ ಚಿನ್ನ ಹಾಕುತ್ತಾರೆ. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನಂತೂ ಎಲೆಯ ಮುಂದೆಯೇ ಕುಳಿತವನಂತೆ ವಿವರಿಸುತ್ತಾನೆ: ರೇಷ್ಮೆ ಸುತ್ತಿಕೊಂಡ ದಾಸಿಯೊಬ್ಬಳು ಸೌಟಿನಲ್ಲಿ ಅನ್ನ ಬಡಿಸುತ್ತಾಳೆ, ಮೇಲೆ ತುಪ್ಪ, ಬದಿಗೆ ಮೆಣಸು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೋಳಿ, ಮೀನು, ತರಕಾರಿ, ಒಂದೊಂದಕ್ಕೂ ಮತ್ತೆ ಅನ್ನ, ಕೊನೆಗೆ ಮೊಸರು. ಒಮ್ಮೆ 11 ತಿಂಗಳು ಈ ಸುಲ್ತಾನನಲ್ಲಿದ್ದಾಗ ರೊಟ್ಟಿಯನ್ನೇ ತಿನ್ನಲಿಲ್ಲವಂತೆ. ಕರಾವಳಿಯ ಅನ್ನ ಕೊನೆಕೊನೆಗೆ ಗಂಟಲಲ್ಲಿ ಇಳಿಯದೆ ನೀರು ಕುಡಿದು ನುಂಗಬೇಕಾಯಿತು ಎಂಬ ಅವನ ದೂರು ಓದಿದರೆ ನನಗೆ ಅವನ ಮೇಲೆ ಪ್ರೀತಿ ಹುಟ್ಟುತ್ತದೆ.

ಆದರೂ ಈ ವರ್ಣನೆಯನ್ನು ಎರಡನೇ ಸಲ ಓದಿದಾಗ ಒಂದು ತೊಡಕು ಎದುರಾಗುತ್ತದೆ. ಬಡಿಸಿದವಳು ಒಂದು ಮಾತೂ ಆಡುವುದಿಲ್ಲ. ಕುರಾನ್ ಬಾಯಿಪಾಠ ಬಂದವರಲ್ಲಿ ಒಬ್ಬಳೂ ಮಾತಾಡುವುದಿಲ್ಲ. ಇಡೀ ಊರಿನ ಹೆಂಗಸರ ಶೀಲಕ್ಕೆ ಅತಿಥಿಯೊಬ್ಬ ಪ್ರಮಾಣಪತ್ರ ಕೊಟ್ಟಿದ್ದಾನೆ. ಅದು ಅವನಿಗೆ ಹೇಗೆ ಗೊತ್ತಾಯಿತು? ಹೇಳಿದವರು ಗಂಡಸರೇ ಇರಬೇಕು. ಅವನು ಇದನ್ನೆಲ್ಲ ಬರೆಸಿದ್ದು ಹತ್ತು ಹದಿಮೂರು ವರ್ಷಗಳ ನಂತರ, ಮೊರಾಕೊದ ಫೆಜ್ ನಗರದಲ್ಲಿ, ಇಬ್ನ್ ಜುಜೈ ಎಂಬ ವಿದ್ವಾಂಸನ ಕೈಯಲ್ಲಿ. ಅಲ್ಲಿ ಕುಳಿತು ಅವನು ಹೊನ್ನಾವರದ ಬಗ್ಗೆ ಏನು ಹೇಳಿದರೂ 'ಅದು ಹಾಗಲ್ಲ' ಎನ್ನಬಲ್ಲ ಹೊನ್ನಾವರದವರು ಒಬ್ಬರೂ ಇರಲಿಲ್ಲ. ಶಾಲೆಗಳ ಲೆಕ್ಕ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವಾಗಿರಲಿ ಎಂದೇ ನನ್ನ ಆಸೆ. ಹದಿಮೂರು ಶಾಲೆಗಳಲ್ಲಿ ಓದಿದವರಿದ್ದ ಊರಿನ ಬಗ್ಗೆ ನಮಗೆ ಉಳಿದಿರುವುದು ಅವರಲ್ಲಿ ಯಾರ ಮಾತೂ ಅಲ್ಲ, ದಾರಿಹೋಕನ ಮಾತು ಎಂಬುದು ಕಸಿವಿಸಿ.

ನೋಡಿಸಿಕೊಳ್ಳುವವರ ಕಸಿವಿಸಿ ನನಗೆ ಸ್ವಲ್ಪ ಗೊತ್ತು. ನಮ್ಮ ಚಂದಗುಳಿಯ ಗಣಪತಿ ಘಂಟೆಗಳಿಗೆ ಹೆಸರುವಾಸಿ. ಹರಕೆ ಹೊತ್ತವರು ಅದು ಈಡೇರಿದ ಮೇಲೆ ಬಂದು ಘಂಟೆ ಕಟ್ಟುತ್ತಾರೆ. ಚಿಕ್ಕದು ದೊಡ್ಡದು ಸೇರಿ ಸಾವಿರಾರು ತೂಗುತ್ತವೆ. ಒಂದೊಂದರ ಹಿಂದೆಯೂ ಒಂದು ಕಾಯಿಲೆಯೋ, ಕೋರ್ಟಿನ ವ್ಯಾಜ್ಯವೋ, ಮಕ್ಕಳಿಲ್ಲದ ಸಂಕಟವೋ ಇದೆ. ಈಗ ಹರಕೆಯವರ ಜೊತೆಗೆ, ಮಾಗೋಡು ಜಲಪಾತಕ್ಕೆ ಹೋಗುವ ದಾರಿಯಲ್ಲಿ, ಘಂಟೆಗಳು 'ಚೆನ್ನಾಗಿ ಬರುತ್ತವೆ' ಎಂದು ಬರುವವರೂ ಇದ್ದಾರೆ. ಒಂದು ಮಳೆಗಾಲ ಹೀಗೆ ಬಂದ ನಾಲ್ಕು ಹುಡುಗರು ನೀರು ಕೇಳಿಕೊಂಡು ನಮ್ಮ ಮನೆಗೆ ಬಂದರು. ನೀರು ಬೆಲ್ಲ ಕೊಟ್ಟೆವು. ಜಗಲಿ, ಮುಂಡಿಗೆ, ಕವಳ ಹಾಕಿಕೊಳ್ಳುತ್ತಿದ್ದ ಅತ್ತೆ, ಎಲ್ಲವನ್ನೂ ತೆಗೆದುಕೊಂಡು ಹೋದರು. ವಾರದ ನಂತರ ಯಾರೋ ತೋರಿಸಿದರು: ಹಿನ್ನೆಲೆಗೆ ಕೊಳಲು, ಅತ್ತೆಯ ಮುಖ, ಕೆಳಗೆ 'ಕಾಲ ನಿಂತುಹೋದ ಊರು'. ಆ ವಾರ ನಮ್ಮಲ್ಲಿ ಕೊಳೆರೋಗ ಏರುತ್ತಿತ್ತು, ಮರ ಹತ್ತಿ ಬೋರ್ಡೋ ದ್ರಾವಣ ಹೊಡೆಯುವವರು ಸಿಗದೆ ಮನೆಯವರು ಊರೂರು ಫೋನು ಮಾಡುತ್ತಿದ್ದರು. ಕಾಲ ಒಂದು ದಿನವಾದರೂ ನಿಂತಿದ್ದರೆ ನಮಗೇ ಅನುಕೂಲವಾಗುತ್ತಿತ್ತು.

ಆ ಹುಡುಗರು ಕೆಟ್ಟವರಲ್ಲ. ಚಪ್ಪಲಿ ಕಳಚಿಟ್ಟೇ ಜಗಲಿ ಹತ್ತಿದ್ದರು. ಅತ್ತೆಗೆ ಬೇಸರವಾದದ್ದು ಫೋಟೋದಿಂದಲ್ಲ. "ಯಾವೂರು ಕೇಳದ್ರೊಳಗೆ ಹೋಗಿಬಿಟ್ಟ" ಎಂದರು. ನಮ್ಮಲ್ಲಿ ಬಂದವರಿಗೆ ಮೊದಲು ಆಸರಿಗೆ, ಆಮೇಲೆ ಪ್ರಶ್ನೆ. ಯಾವೂರು, ಯಾರ ಮನೆ, ಎಂತ ಕೆಲಸಕ್ಕೆ ಬಂದದ್ದು. ಬಂದವರು ನಮ್ಮನ್ನು ನೋಡುತ್ತಾರೆ, ನಾವು ಅವರನ್ನು ಕೇಳುತ್ತೇವೆ, ಲೆಕ್ಕ ಸರಿಹೋಗುತ್ತದೆ. ಪ್ರವಾಸದ ವ್ಯವಸ್ಥೆ ಇಂದು ತೆಗೆದುಹಾಕಿರುವುದು ಈ ಎರಡನೇ ಅರ್ಧವನ್ನು. ವಸತಿಗೃಹದಲ್ಲಿ ಆಧಾರ್ ಕಾರ್ಡಿನ ಪ್ರತಿ ಕೊಟ್ಟರೆ ಮುಗಿಯಿತು, ಮತ್ತೆ ಯಾರೂ ಏನೂ ಕೇಳುವುದಿಲ್ಲ. ಗೆಳತಿಗೆ ಟ್ಯಾಂಜಿಯರಿನಲ್ಲಿ ಆದದ್ದೂ ಇದೇ ಎಂದು ನನ್ನ ಊಹೆ.

ಇಷ್ಟು ಬರೆದು ನಿಲ್ಲಿಸಿದರೆ ಚೆಂದ ಕಾಣುತ್ತದೆ, ನ್ಯಾಯವಾಗುವುದಿಲ್ಲ. ನಮ್ಮ ಜಗಲಿಯ ಪ್ರಶ್ನೆ ಎಲ್ಲರಿಗೂ ಒಂದೇ ಆಗಿರಲಿಲ್ಲ. 'ಯಾರ ಪೈಕಿ' ಎಂದು ಕೇಳುವುದು ಕುಶಲ ವಿಚಾರಿಸಲಿಕ್ಕೆ ಎಷ್ಟೋ, ಬಂದವರನ್ನು ಎಲ್ಲಿ ಕೂರಿಸಬೇಕೆಂದು ನಿಶ್ಚಯಿಸಲಿಕ್ಕೂ ಅಷ್ಟೇ. ನಾನು ಚಿಕ್ಕವಳಿದ್ದಾಗ ತೋಟದ ಕೆಲಸಕ್ಕೆ ಬರುತ್ತಿದ್ದ ಸಿದ್ದಿ ಹೆಂಗಸರಿಗೆ ಆಸರಿಗೆ ಅಂಗಳದಲ್ಲಿಯೇ, ಲೋಟವೂ ಬೇರೆ. ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ, ಗೊತ್ತಿದೆ ಎಂಬ ಭಾವನೆ. ಯಲ್ಲಾಪುರದ ಕಾಡಿನ ಸಿದ್ದಿಯರ ಪೂರ್ವಜರು ಆಫ್ರಿಕಾದಿಂದ ಬಂದವರು. ಬಹುಪಾಲು ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದವರ ಸಂತತಿ. ಬತೂತ 1331ರ ಸುಮಾರಿಗೆ ಮೊಗದಿಶು, ಮೊಂಬಾಸಾ, ಕಿಲ್ವಾ ಎಂದು ಪೂರ್ವ ಆಫ್ರಿಕಾದ ಕರಾವಳಿಯುದ್ದಕ್ಕೂ ಅತಿಥಿಯಾಗಿ ಉಂಡು ಬಂದವನು. ಗುಲಾಮರನ್ನು ಕೊಂಡವನು, ಉಡುಗೊರೆಯಾಗಿ ಕೊಟ್ಟವನು. ಹಿಂದೂ ಮಹಾಸಾಗರ ದಾಟಿದವರಲ್ಲಿ ಅವನ ಪುಸ್ತಕ ಉಳಿಯಿತು. ದಾಟಿಸಲ್ಪಟ್ಟವರದು ಡಮಾಮಿಯ ತಾಳದಲ್ಲಿ ಉಳಿಯಿತು, ಅದನ್ನು ಈಗ ಪ್ರವಾಸಿಗರು ನೋಡಲು ಬರುತ್ತಾರೆ.

ಹಾಗಾಗಿ ಯಾರೂ ಏನೂ ಕೇಳದ ಪೇಟೆಯ ಅನಾಮಿಕತೆಯನ್ನು ನಾನು ಹಗುರವಾಗಿ ಕಾಣಲಾರೆ. ಹೊನ್ನಾವರದ ಖಾನಾವಳಿಯಲ್ಲಿ ಒಬ್ಬಳೇ ಕುಳಿತು ಊಟ ಮಾಡಿದಾಗ ಮಾಣಿ ಕೇಳಿದ್ದು "ಊಟವಾ, ತಿಂಡಿಯಾ" ಎಂದಷ್ಟೇ. ಎಷ್ಟು ಹಿತವಾಗಿತ್ತು ಅದು! ಯಾರ ಸೊಸೆ, ಗಂಡ ಎಲ್ಲಿ ಎಂದು ಯಾರೂ ಕೇಳಲಿಲ್ಲ. ದುಡ್ಡು ಕೊಟ್ಟವರೆಲ್ಲ ಒಂದೇ ಬೆಂಚಿನ ಮೇಲೆ ಕೂರಬಹುದು ಎನ್ನುವುದು ಈ ಜಿಲ್ಲೆಯಲ್ಲಿ ಬಹಳ ಹಳೆಯ ಸಂಗತಿಯೇನಲ್ಲ.

ಕೇಳುವುದು ಎರಡು ಬಗೆ. ಜಾಗ ತೋರಿಸಲು ಕೇಳುವುದು ಒಂದು, ಆಸ್ಥೆಯಿಂದ ಕೇಳುವುದು ಇನ್ನೊಂದು. ಎರಡನೆಯದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ನಮ್ಮ ಕರಾವಳಿಯದೇ. 1623ರಲ್ಲಿ ಪಿಯೆಟ್ರೊ ಡೆಲ್ಲಾ ವಲ್ಲೆ ಎಂಬ ರೋಮಿನವನು ಗೋವೆಯಿಂದ ಹೊನ್ನಾವರಕ್ಕೆ ಬಂದ. ಪೋರ್ಚುಗೀಸರ ರಾಯಭಾರಿಯೊಬ್ಬ ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಹೊರಟಿದ್ದ, ಇವನು ಜೊತೆಗಾರ. ಇವನಿಗೆ ವ್ಯಾಪಾರವಿಲ್ಲ, ಸಂಬಳವಿಲ್ಲ, ಮತಪ್ರಚಾರವೂ ಇಲ್ಲ. ಅತ್ತೆಯ ಭಾಷೆಯಲ್ಲಿ ಸುಮ್ಮನೆ ಹೊರಟವನು. ಹೊನ್ನಾವರದಿಂದ ಗೇರುಸೊಪ್ಪೆಗೆ ಹೊಳೆಯಲ್ಲಿ ಹೋಗಿ, ಘಟ್ಟದ ಬುಡದ ಹಳ್ಳಿಯೊಂದರಲ್ಲಿ ಸಾಮಾನು ಹೊರೆ ಸಿದ್ಧವಾಗುವವರೆಗೆ ದೇವಸ್ಥಾನದ ಜಗಲಿಯಲ್ಲಿ ಕುಳಿತ. ಅಲ್ಲಿ ನಾಲ್ಕು ಹುಡುಗರು ನೆಲದ ಮೇಲೆ ಮರಳು ಹರಡಿ, ಬೆರಳಿನಲ್ಲಿ ಬರೆಯುತ್ತಾ ಹಾಡುತ್ತಾ ಲೆಕ್ಕ ಕಲಿಯುತ್ತಿದ್ದರು. ಗುರು ಇಲ್ಲದಿರುವಾಗ ಮರೆತರೆ ತಿದ್ದುವವರು ಯಾರು ಎಂದು ಕೇಳಿದ. ನಾಲ್ವರೂ ಒಟ್ಟಿಗೇ ಮರೆಯುವುದು ಸಾಧ್ಯವಿಲ್ಲವಲ್ಲ ಎಂದವಂತೆ ಹುಡುಗರು. ಇಕ್ಕೇರಿ ರಾಜಕಾರಣದ ಬಗ್ಗೆ ರಾಯಭಾರಿ ಏನು ವರದಿ ಕಳಿಸಿದನೋ, ನನಗೆ ಈ ನಾಲ್ಕು ಹುಡುಗರು ಸಾಕು. ಕೆಲಸವಿದ್ದವನ ಕಣ್ಣಿಗೆ ಇವರು ಬೀಳುತ್ತಿರಲಿಲ್ಲ. 1801ರಲ್ಲಿ ಕಂಪನಿ ಸರ್ಕಾರದ ಪರವಾಗಿ ನಮ್ಮ ಯಲ್ಲಾಪುರ, ಸೋಂದೆ, ಶಿರಸಿಗಳ ಮೂಲಕ ಹೋದ ಬುಕನನ್ ಅಡಿಕೆ, ಮೆಣಸು, ಕಂದಾಯ ಎಲ್ಲ ಕೇಳಿ ಬರೆದುಕೊಂಡ. ಉಪಯುಕ್ತ ದಾಖಲೆ, ನಾನೂ ಬಳಸುತ್ತೇನೆ. ಆದರೆ ಅವನಿಗೆ ಉತ್ತರ ಕೊಡುವವರಿಗೆ ಎದುರಿಗಿರುವುದು ಸರ್ಕಾರ ಎಂದು ಗೊತ್ತಿತ್ತು.

ಮುಂದೆ ಮಂಗಳೂರಿನ ಹತ್ತಿರ ಡೆಲ್ಲಾ ವಲ್ಲೆಗೆ ಉಳ್ಳಾಲದ ರಾಣಿಯನ್ನು ನೋಡಬೇಕೆನಿಸಿತು. (ಎಷ್ಟನೆಯ ಅಬ್ಬಕ್ಕ ಎಂಬ ಜಗಳ ಇತಿಹಾಸಕಾರರಿಗಿರಲಿ.) ರಾಣಿ ಸಿಕ್ಕಿದ್ದು ಗದ್ದೆಯಲ್ಲಿ, ಕಾಲುವೆ ತೋಡಿಸುತ್ತಾ, ಬರಿಗಾಲಲ್ಲಿ. ಮೊದಲ ನೋಟಕ್ಕೆ ಅಡುಗೆಮನೆಯ ಆಳಿನಂತೆ ಕಂಡಳು ಎಂದು ಅವನು ಬರೆದದ್ದಕ್ಕೆ ನನಗೆ ಸಿಟ್ಟಿದೆ. ಮಾತಾಡಿದ ಮೇಲೆ ರಾಣಿಯೆಂಬುದು ತಿಳಿಯಿತು ಎಂದೂ ಅವನೇ ಬರೆದಿದ್ದಾನೆ. ಅವಳು ಕೇಳಿದ್ದು ಅತ್ತೆ ಕೇಳಿದ್ದನ್ನೇ. ಎಲ್ಲಿಂದ ಬಂದೆ, ಈ ಕಾಡಿನಲ್ಲಿ ನಿನಗೇನು ಕೆಲಸ, ಪ್ರೀತಿಯಲ್ಲಿ ನೊಂದು ಹೊರಟೆಯೋ, ಬೇಕಾದವರು ಯಾರಾದರೂ ಸತ್ತರೋ. ದೇಶಾಂತರದ ರೀತಿನೀತಿ ನೋಡುವ ಆಸೆಯಿಂದ ಎಂದು ಅವನು ಮೊದಲು ಹೇಳಿದ. ಆಮೇಲೆ ನಿಜ ಬಾಯಿಗೆ ಬಂತು: ಹೆಂಡತಿ ತೀರಿಕೊಂಡ ಮೇಲೆ ವೇಷದಲ್ಲಿ ಅಲ್ಲದಿದ್ದರೂ ಮನಸ್ಸಿನಲ್ಲಿ ಜೋಗಿಗಿಂತ ಹೆಚ್ಚಿನ ಜೋಗಿಯಾಗಿದ್ದೇನೆ. ಅವನ ಹೆಂಡತಿ ಮಾನಿ 1621ರ ಡಿಸೆಂಬರಿನಲ್ಲಿ ಪರ್ಷಿಯಾದಲ್ಲಿ ಸತ್ತಿದ್ದಳು. ಆ ದೇಹವನ್ನು ಕಾಪಿಟ್ಟು, ರೋಮಿಗೆ ಒಯ್ದು ಮಣ್ಣು ಮಾಡಿದವನು ಅವನು.

ಗದ್ದೆಯಲ್ಲಿ ನಿಂತ ಹೆಂಗಸೊಬ್ಬಳು ಕೇಳಿದ್ದಕ್ಕೆ ಪರದೇಶಿಯೊಬ್ಬ ಬಾಯಿಬಿಟ್ಟ. ನೋಡಲು ಬಂದವನು ನೋಡಿಸಿಕೊಂಡ. ಜಾತಿ ಅಂತಸ್ತು ತಿಳಿಯಲಿಕ್ಕಲ್ಲ, ಮನುಷ್ಯನೊಬ್ಬ ಮನೆ ಬಿಟ್ಟು ಇಷ್ಟು ದೂರ ಬರುವುದಕ್ಕೆ ಏನೋ ಇರಲೇಬೇಕು ಎಂಬ ಆಸ್ಥೆಯಿಂದ ಬಂದ ಪ್ರಶ್ನೆ ಅದು. ಸುಮ್ಮನೆ ಹೋಗುವುದು ತಪ್ಪಲ್ಲ ಎಂದು ನಾನು ಅಂದುಕೊಳ್ಳುವುದು ಇಲ್ಲಿಂದ. ಬಿಡುವಿದ್ದವನೇ ಮರಳಿನ ಮೇಲಿನ ಲೆಕ್ಕವನ್ನು ನೋಡುತ್ತಾನೆ. ಆದರೆ ನೋಡುವ ಹಕ್ಕು ಬರುವುದು ಉತ್ತರ ಕೊಡಲು ಸಿದ್ಧನಾಗಿ ನಿಂತಾಗ. ಮಾತಾಡಲು ಯಾರೂ ಇಲ್ಲದ ಕಡೆಯಿಂದ ನೋಡಿ ಬಂದವನು ಊರಿನ ಬಗ್ಗೆ ತೀರ್ಪು ಹೇಳದಿರುವುದು ವಾಸಿ.

ಎರಡನೇ ದಿನ ಶರಾವತಿಯ ಆಚೆ ಕಾಸರಕೋಡಿಗೆ ಹೋದೆ. ಅಲ್ಲಿಯ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ. ಸ್ವಚ್ಛತೆ, ಸುರಕ್ಷತೆ ಮುಂತಾದ 33 ಮಾನದಂಡ ನೋಡಿ ಡೆನ್ಮಾರ್ಕಿನ ಸಂಸ್ಥೆಯೊಂದು ಕೊಡುವುದು. ತೀರ ನಿಜಕ್ಕೂ ಚೊಕ್ಕಟವಾಗಿದೆ, ಹೆಂಗಸರು ಬಟ್ಟೆ ಬದಲಿಸಲು ಕೋಣೆಯಿದೆ. ಇದನ್ನು ಗೇಲಿ ಮಾಡುವವರು ಯಾವತ್ತೂ ಅದಿಲ್ಲದೆ ಒದ್ದಾಡಿದವರಲ್ಲ. ಟೊಂಕದ ಕಡೆ ನಡೆದರೆ ಬೇರೆಯೇ ಕಡಲು. ಮರಳಿನ ಮೇಲೆ ತಾರ್ಲೆ, ಶೆಟ್ಲಿ ಒಣಗಿಸುತ್ತಿದ್ದರು. ಇಲ್ಲಿ ಬರಲಿರುವ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಕಡಲಾಮೆ ಮೊಟ್ಟೆ ಇಡುವ ತೀರವೂ ಇದೇ.

ಮೀನು ತಿರುವಿ ಹಾಕುತ್ತಿದ್ದವರೊಬ್ಬರು ತಲೆಯೆತ್ತಿ, "ಯಾವೂರಾಯ್ತು ಅಮ್ಮಾ?" ಎಂದರು. ಯಲ್ಲಾಪುರದ ಕಡೆ ಎಂದೆ. "ಒಣಮೀನು ಬೇಕಾ?" ನಾವು ತಿನ್ನುವುದಿಲ್ಲ ಎಂದೆ. "ಮತ್ತೆ ಎಂತ ಕೆಲಸಕ್ಕೆ ಬಂದದ್ದು?" ಸುಮ್ಮನೆ, ನೋಡಲಿಕ್ಕೆ. ಅವರು ನಕ್ಕು, "ನೋಡೂಕೆ ಬಂದವ್ರು ಆ ಬದಿಗೆ ಹೋಗ್ತ್ರು. ಇಲ್ಲಿ ವಾಸನೆ" ಎಂದರು. ನಾನು ಅಲ್ಲೇ ಕುಳಿತೆ. ಆಮೇಲೆ ಕೇಳಿದ್ದೆಲ್ಲ ಅವರೇ. ಮಕ್ಕಳೆಷ್ಟು, ಒಬ್ಬಳೇ ಬರಲು ಮನೆಯಲ್ಲಿ ಬಿಟ್ಟರಾ, ಶಿರಸಿಯಲ್ಲಿ ಅಡಿಕೆಗೆ ಈಗ ಏನು ದರ, ಇಲ್ಲಿ ಅಂಗಡಿಯವನು ಕವಳದ ಅಡಿಕೆಗೆ ಇಷ್ಟು ಹೇಳುತ್ತಾನೆ, ಅದು ನ್ಯಾಯವಾ. ನ್ಯಾಯವಲ್ಲ ಎಂದೆ. ಬಂದರಿನ ವಿಷಯ ನಾನು ಎತ್ತಿದಾಗ ಮುಖ ಸಣ್ಣದಾಯಿತು. "ರಸ್ತೆ ಬಂದ್ರೆ ಒಣಗಿಸೂಕೆ ಜಾಗ ಎಲ್ಲಿ?" ಎಂದಷ್ಟೇ ಹೇಳಿ, "ನೀವು ಪೇಪರ್‌ನವ್ರಾ?" ಎಂದರು. ಪೇಪರಿನವಳಲ್ಲ, ಆದರೆ ಬರೆಯಬಹುದು ಎಂದೆ. ಸ್ವಲ್ಪ ಹೊತ್ತು ಯೋಚಿಸಿ, ಹೆಸರು ಬೇಡ, ಪೋಟೋ ಬೇಡ, ಜಾಗದ ಮಾತು ಮಾತ್ರ ಬರೆಯಿರಿ ಎಂದರು. ಅವರು ಹೇಳಿದಷ್ಟನ್ನೇ ಬರೆದಿದ್ದೇನೆ.

ಮನೆಗೆ ಬಂದಾಗ ಅತ್ತೆಗೆ ಹೊನ್ನಾವರದ ಸೇತುವೆಗಿಂತ ಕಾಸರಕೋಡಿನ ಅಡಿಕೆ ದರದಲ್ಲಿಯೇ ಹೆಚ್ಚು ಆಸಕ್ತಿ ಬಂತು. ಮುಂದಿನ ಸಂಕಷ್ಟಿಯ ದಿನ ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಘಂಟೆಗಳನ್ನು ನೋಡಿ ನಮ್ಮ ಮನೆಯವರೆಗೂ ನಡೆದು ಬಂತು. ನೀರು ಬೆಲ್ಲ ಕೊಟ್ಟು, ಯಾವ ಕೆಲಸಕ್ಕೆ ಬಂದದ್ದು ಎಂದು ಕೇಳಿದೆ. ಗಂಡಸು ಜಲಪಾತದ ಹೆಸರು ಹೇಳಿ ಫೋನು ನೋಡತೊಡಗಿದ. ಹೆಂಗಸು ಲೋಟ ಕೆಳಗಿಟ್ಟು, ಸ್ವಲ್ಪ ತಡೆದು, "ನಿಮ್ಮ ಗಣಪತಿಗೆ ಹರಕಿ ಹೇಳಿಕೊಳ್ಳೂದು ಹ್ಯಾಂಗ್ರಿ?" ಎಂದಳು. ಅತ್ತೆ ಮಣೆ ಎಳೆದುಕೊಂಡು ಅವಳ ಹತ್ತಿರ ಕುಳಿತರು.